ಮುದ್ದೇನಹಳ್ಳಿ ಕಡೆಯ ಚಪ್ಪರದಲ್ಲಿ ಮೂರು ಬಾಟಲಿ ರಿಯೋಹಾ

ತೊಂದೋನಿಯಾ ಅಂತ ಒಂದು ಕೆಂಪು ವೈನ್ ಇದೆ. ಸ್ಪೇನ್ ದೇಶದ ರಿಯೋಹಾ ಸೀಮೆಯಲ್ಲಿ ಆರೋ ಎಂಬ ಸಣ್ಣ ಊರಿನದು. ಮಾಡುವ ಮನೆತನದ ಹೆಸರು ಲೋಪೆಸ್ ದೆ ಎರೆದಿಯಾ. 1877ರಲ್ಲಿ ಶುರುವಾದದ್ದು, ಈಗ ನಾಲ್ಕನೇ ತಲೆಮಾರು ನಡೆಸುತ್ತಿದೆ. ವೈನ್ ಬಗ್ಗೆ ಓದುವ ಹುಚ್ಚು ಹತ್ತಿದಾಗಿನಿಂದ ಈ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಈ ಸಂಕ್ರಾಂತಿಗೆ ಅದರ ರುಚಿ ನೋಡುವ ಅವಕಾಶ ಸಿಕ್ಕಿತು. ಅದೂ ಎಲ್ಲಿ ಅಂತೀರಿ, ನಮ್ಮ ಚಿಕ್ಕಬಳ್ಳಾಪುರದಲ್ಲೇ, ಮುದ್ದೇನಹಳ್ಳಿ ಕಡೆ ಇರುವ ಚಿಕ್ಕಪ್ಪನ ದ್ರಾಕ್ಷಿ ತೋಟದಲ್ಲಿ.

ಬಾಟಲಿ ತಂದದ್ದು ಚಿಕ್ಕಪ್ಪನ ಮಗ, ನನಗೆ ತಮ್ಮ. ಅವನೂ ಅವನ ಹೆಂಡತಿಯೂ ಬಿಲ್ಬಾವೋದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿಂದ ಆರೋ ಊರು ಸುಮಾರು ನೂರು ಕಿಲೋಮೀಟರ್. ಹೊರದೇಶದಿಂದ ಬರುವವರು ಒಬ್ಬೊಬ್ಬರು ಎರಡು ಲೀಟರ್ ತನಕ ಸುಂಕ ಕಟ್ಟದೆ ತರಬಹುದು. ಇಬ್ಬರ ಲೆಕ್ಕದಲ್ಲಿ ಮೂರು ಬಾಟಲಿ ಆರಾಮಾಗಿ ಬಂದವು: ಕುಬಿಯೋ, ಬೊಸ್ಕೋನಿಯಾ, ತೊಂದೋನಿಯಾ. ಮೂರೂ ಕೆಂಪು, ಮೂರೂ ಅದೇ ಮನೆಯವು, ಆದರೆ ಬೇರೆ ಬೇರೆ ತೋಟದವು.

ರುಚಿಯ ಮಾತಿಗೆ ಮುಂಚೆ ಆ ಊರಿನ ಕಥೆ ಸ್ವಲ್ಪ ಹೇಳಬೇಕು. ಯಾಕೆಂದರೆ ಆ ಕಥೆಯ ಒಂದು ತುದಿ ನಮ್ಮ ತೋಟಕ್ಕೂ ಬಂದು ತಾಗುತ್ತದೆ.

ಆರೋ ಊರಿಗೆ ದೊಡ್ಡ ಹೆಸರು ಬಂದದ್ದು ಒಂದು ಹುಳದಿಂದ. ಫಿಲಾಕ್ಸೆರಾ ಅಂತ, ದ್ರಾಕ್ಷಿ ಬೇರಿನ ರಸ ಹೀರುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಚಿಕ್ಕ ಹೇನು. ಅಮೆರಿಕದಿಂದ ತರಿಸಿದ ಗಿಡಗಳ ಜೊತೆ ಅದು ಯುರೋಪಿಗೆ ಬಂತು. 1860ರ ದಶಕದಿಂದ ಫ್ರಾನ್ಸಿನ ತೋಟಗಳು ಒಂದೊಂದಾಗಿ ಒಣಗತೊಡಗಿದವು. ಬೋರ್ಡೋ ವ್ಯಾಪಾರಿಗಳಿಗೆ ಮಾರಲು ವೈನೇ ಇಲ್ಲದಂತಾಯಿತು. ಅವರು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಆರೋದಲ್ಲಿ ಆಗಲೇ ರೈಲು ನಿಲ್ದಾಣ ಇತ್ತು, ಪೀಪಾಯಿಗಳನ್ನು ಬಿಲ್ಬಾವೋ ಬಂದರಿಗೆ ಸಾಗಿಸುವುದು ಸುಲಭ. ಆ ನಿಲ್ದಾಣದ ಸುತ್ತ ಒಂದರ ಪಕ್ಕ ಒಂದು ವೈನ್ ಮನೆಗಳು ಎದ್ದವು. ಡಾನ್ ರಫಾಯೆಲ್ ಲೋಪೆಸ್ ದೆ ಎರೆದಿಯಾ ಎಂಬಾತ ಫ್ರೆಂಚರು ವೈನ್ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿ, ಕಲಿತು, ತನ್ನದೇ ಮನೆ ಕಟ್ಟಿದ. ಇವತ್ತಿಗೆ ಆರೋದಲ್ಲಿ ಉಳಿದಿರುವ ವೈನ್ ಮನೆಗಳಲ್ಲಿ ಅದೇ ಹಳೆಯದು.

ಹುಳಕ್ಕೆ ಮದ್ದು ಸಿಕ್ಕಿದ್ದೂ ಅಮೆರಿಕದಿಂದಲೇ. ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಹುಳ ತಡೆಯುವ ಶಕ್ತಿ ಇತ್ತು. ಆ ಬೇರಿನ ಮೇಲೆ ಯುರೋಪಿನ ತಳಿಯನ್ನು ಕಸಿ ಕಟ್ಟಿದರು. ಇವತ್ತಿಗೂ ಅಲ್ಲಿ ಹಾಗೇ ನಡೆದಿದೆ.

ಈಗ ನಮ್ಮ ತೋಟದ ವಿಷಯ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರ ಕಡೆ ನೂರು ವರ್ಷಕ್ಕೂ ಮೇಲ್ಪಟ್ಟು ಬೆಳೆಯುತ್ತಿರುವ ಬೆಂಗಳೂರು ಬ್ಲೂ ಇದೆಯಲ್ಲ, ಕಪ್ಪಗೆ, ದಪ್ಪ ಸಿಪ್ಪೆಯ, ಬೀಜ ಇರುವ ದ್ರಾಕ್ಷಿ, ಅದು ಆ ಅಮೆರಿಕದ ಕುಲದ್ದು. ಇಸಾಬೆಲ್ಲಾ ಎಂಬ ತಳಿಯೇ ನಮ್ಮಲ್ಲಿ ಬೆಂಗಳೂರು ಬ್ಲೂ ಆಗಿದೆ ಅಂತ ತಳಿ ಬಲ್ಲವರು ಹೇಳುತ್ತಾರೆ. ರೋಗಕ್ಕೆ ಬೇಗ ಬಗ್ಗುವುದಿಲ್ಲ, ಹೇಗೆ ಇಟ್ಟರೂ ಬದುಕುತ್ತದೆ. ಅದಕ್ಕೇ ಅದು ಪ್ರಪಂಚದ ಎಷ್ಟೋ ಕಡೆ ಹರಡಿತು. ಆದರೆ ಅದರಿಂದ ಮಾಡಿದ ವೈನಿನ ಗುಣ ಯುರೋಪಿನ ಸರ್ಕಾರಗಳಿಗೆ ಹಿಡಿಸಲಿಲ್ಲ. 1934ರಲ್ಲಿ ಫ್ರಾನ್ಸ್ ಅಮೆರಿಕ ಮೂಲದ ಆರು ತಳಿಗಳನ್ನು ನಿಷೇಧಿಸಿತು. ಆ ಆರರಲ್ಲಿ ಇಸಾಬೆಲ್ಲಾ ಒಂದು. ಅಂದರೆ ನಮ್ಮ ತಾತ ಚಪ್ಪರ ಹಾಕಿ ಮೂರು ತಲೆಮಾರಿಗೆ ಅನ್ನ ಕೊಟ್ಟ ಗಿಡಕ್ಕೆ ಅಲ್ಲಿ ವೈನ್ ತೋಟದಲ್ಲಿ ಜಾಗವೇ ಇಲ್ಲ.

ಇನ್ನೊಂದು ನಂಟೂ ಇದೆ. ಚಿಕ್ಕಪ್ಪ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಆ ಬೋರ್ಡೋ ಸೀಮೆಯಲ್ಲೇ. 1880ರ ದಶಕದಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ ಬೂಜು ರೋಗಕ್ಕೆ ಕಂಡುಕೊಂಡ ಮದ್ದು ಅದು. ಆ ರೋಗವೂ ಅಮೆರಿಕದಿಂದ ಹೋದದ್ದೇ. ಇದನ್ನು ಹೇಳಿದಾಗ ಚಿಕ್ಕಪ್ಪ ಬಹಳ ಹೊತ್ತು ಕೇಳಿಸಿಕೊಂಡರು. ಅಡಿಕೆಯವರು ಹೊಡೆಯುವುದೂ ಅದನ್ನೇ ಅಲ್ವಾ ಅಂತ ಅವರೇ ಮುಂದುವರಿಸಿದರು.

ಲೋಪೆಸ್ ದೆ ಎರೆದಿಯಾ ಮನೆಯವರು ಏನು ಮಾಡುತ್ತಾರೆ ಅನ್ನುವುದನ್ನು ನಾನು ಓದಿದ್ದೆ, ತಮ್ಮ ಹೋಗಿ ನೋಡಿಯೂ ಬಂದಿದ್ದ. ತೋಟ ಅವರದ್ದೇ. ಎಬ್ರೋ ನದಿ ಬಳಸಿಕೊಂಡು ಹರಿಯುವ ಒಂದು ತಿರುವಿನಲ್ಲಿ, ಬಲದಂಡೆಯಲ್ಲಿ, ನೂರು ಹೆಕ್ಟೇರಿಗೂ ಸ್ವಲ್ಪ ಜಾಸ್ತಿ ಇರುವ ತೊಂದೋನಿಯಾ ತೋಟವನ್ನು 1913-14ರಲ್ಲಿ ನೆಟ್ಟರು. ಮುಖ್ಯ ತಳಿ ತೆಂಪ್ರಾನಿಯೋ. ಜೊತೆಗೆ ಗಾರ್ನಾಚಾ, ಗ್ರಾಸಿಯಾನೋ, ಮಸುಯೆಲೋ ಸ್ವಲ್ಪ ಸ್ವಲ್ಪ. ಹಣ್ಣು ಕೊಯ್ದು ತಂದು ದೊಡ್ಡ ದೊಡ್ಡ ಮರದ ತೊಟ್ಟಿಗಳಲ್ಲಿ ಹುದುಗು ಬರಿಸುತ್ತಾರೆ. ಹೊರಗಿನಿಂದ ಈಸ್ಟ್ ಹಾಕುವುದಿಲ್ಲ, ಹಣ್ಣಿನ ಮೇಲೆ, ಗೋಡೆ ಮೇಲೆ, ಮರದ ಮೇಲೆ ಏನಿದೆಯೋ ಅದೇ ಕೆಲಸ ಮಾಡುತ್ತದೆ. ಆಮೇಲೆ 225 ಲೀಟರ್ ಹಿಡಿಯುವ ಓಕ್ ಪೀಪಾಯಿಗೆ ಹಾಕುತ್ತಾರೆ. ಆ ಪೀಪಾಯಿಗಳನ್ನು ಕೂಡ ಮನೆಯಲ್ಲೇ ಮಾಡುತ್ತಾರೆ. ಅಮೆರಿಕದಿಂದ ಓಕ್ ಮರ ತರಿಸಿ, ಒಣಗಿಸಿ, ಸೀಳಿ, ಬೆಂಕಿಯಲ್ಲಿ ಬಗ್ಗಿಸಿ ಕೂಡಿಸುವ ಬಡಗಿಗಳು ಇವತ್ತಿಗೂ ಅಲ್ಲಿ ಸಂಬಳಕ್ಕೆ ಇದ್ದಾರೆ.

ಪೀಪಾಯಿಯಲ್ಲಿ ಎಷ್ಟು ದಿನ? ಕುಬಿಯೋ ಮೂರು ವರ್ಷ. ಬೊಸ್ಕೋನಿಯಾ ರಿಸೆರ್ವಾ (ನಿಗದಿಯಷ್ಟು ಕಾಲ ಮಾಗಿಸಿದ ವೈನಿನ ದರ್ಜೆ) ಐದು ವರ್ಷ. ತೊಂದೋನಿಯಾ ರಿಸೆರ್ವಾ ಆರು ವರ್ಷ. ಆಮೇಲೆ ಬಾಟಲಿಗೆ ತುಂಬಿ ಮತ್ತೆ ನೆಲಮಾಳಿಗೆಯಲ್ಲಿ ಕೆಲವು ವರ್ಷ. ರಿಯೋಹಾದ ಕಾನೂನು ಕೆಂಪು ರಿಸೆರ್ವಾಕ್ಕೆ ಕೇಳುವುದು ಒಟ್ಟು ಮೂರು ವರ್ಷ, ಅದರಲ್ಲಿ ಪೀಪಾಯಿಯಲ್ಲಿ ಒಂದು ವರ್ಷ ಇದ್ದರೆ ಸಾಕು. ಇವರು ಅದಕ್ಕೆ ಕಾಯುವುದಿಲ್ಲ, ತಮ್ಮ ಲೆಕ್ಕಕ್ಕೆ ಕಾಯುತ್ತಾರೆ. ನಾವು ಕುಡಿದ ತೊಂದೋನಿಯಾ 2011ರ ಹಣ್ಣಿನದು.

ಇಷ್ಟೂ ಕಾಲ ಸುಮ್ನೆ ಇಟ್ಟಿರುತ್ತಾರೆ ಅಂದುಕೊಳ್ಳಬೇಡಿ. ವರ್ಷಕ್ಕೆ ಎರಡು ಸಲ ಪ್ರತಿ ಪೀಪಾಯಿಯ ವೈನನ್ನು ಗಷ್ಟು ಬಿಟ್ಟು ಇನ್ನೊಂದಕ್ಕೆ ಬಗ್ಗಿಸಬೇಕು. ಕೊನೆಗೆ ತಿಳಿ ಮಾಡಲು ಮೊಟ್ಟೆಯ ಬಿಳಿ ಬಳಸುತ್ತಾರೆ (ಶುದ್ಧ ಸಸ್ಯಾಹಾರಿಗಳಿಗೆ ಗೊತ್ತಿರಲಿ). ಮರದ ಸಂದಿನಿಂದ ವೈನ್ ಆವಿಯಾಗಿ ಹೋಗುತ್ತಲೇ ಇರುತ್ತದೆ, ಮೇಲಿಂದ ಮೇಲೆ ತುಂಬಿಸಬೇಕು. ತಮ್ಮ ತೋರಿಸಿದ ಫೋಟೋಗಳಲ್ಲಿ ನೆಲಮಾಳಿಗೆಯ ತುಂಬ ಜೇಡರ ಬಲೆ. ಗುಡಿಸದೆ ಬಿಟ್ಟಿರುತ್ತಾರೆ, ಬಿರಡೆ ತಿನ್ನುವ ಪತಂಗವನ್ನು ಜೇಡ ತಿನ್ನುತ್ತದೆ ಅಂತ. ಬಾಗಿಲ ಹತ್ತಿರ ಮಾತ್ರ ಹೊಸ ಕಾಲದ ಕಟ್ಟಡ, ಜಹಾ ಹದೀದ್ ವಿನ್ಯಾಸ ಮಾಡಿದ್ದು. ಅದರ ಒಳಗೆ 1910ರ ಬ್ರಸೆಲ್ಸ್ ವಸ್ತುಪ್ರದರ್ಶನಕ್ಕೆ ಒಯ್ದಿದ್ದ ಹಳೇ ಮರದ ಮಳಿಗೆಯನ್ನು ಹಾಗೇ ಇಟ್ಟಿದ್ದಾರೆ. ಈಗ ನಡೆಸುವವರು ಮರಿಯಾ ಹೋಸೆ, ಮೆರ್ಸೆದೆಸ್, ಹೂಲಿಯೋ ಸೆಸಾರ್ ಎಂಬ ಒಡಹುಟ್ಟಿದವರು.

ಸರಿ, ಕುಡಿದ ಕಥೆಗೆ ಬರೋಣ.

ಸಂಕ್ರಾಂತಿಯ ಮಾರನೇ ದಿನ, ಸಂಜೆ. ನಂದಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ. ಕೆಂಪು ವೈನಿಗೆ ಇಂಥ ಹವೆ ಬೇಕು. ನಮ್ಮ ಏಪ್ರಿಲ್ ಸೆಕೆಯಲ್ಲಿ ಇದನ್ನೇ ತೆರೆದರೆ ಬರೀ ಸಾರಾಯಿ ವಾಸನೆ ಮೂಗಿಗೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಕುಡಿಯುವವರು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ತೆಗೆಯಿರಿ, ಕೆಂಪು ವೈನ್ ತಣ್ಣಗಿರಬಾರದು ಅನ್ನುವ ಮಾತು ನಮ್ಮ ಊರಿನ ಹವೆಗೆ ಹೇಳಿದ್ದಲ್ಲ. ಚಿಕ್ಕಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದ್ದರು. ತೋಟದಲ್ಲಿ ಪ್ರೂನಿಂಗ್ ಮಾಡಿ ಒಣಗಿಸಿದ್ದ ದ್ರಾಕ್ಷಿ ಕಡ್ಡಿ ಒಟ್ಟಿ, ಕೆಂಡ ಮಾಡಿ, ತಮ್ಮ ಮಟನ್ ಚಾಪ್ಸ್ ಸುಟ್ಟ. ರಿಯೋಹಾದಲ್ಲಿ ಮನೆಮನೆಯಲ್ಲೂ ಕುರಿಮರಿ ಮಾಂಸ ಸುಡುವುದು ದ್ರಾಕ್ಷಿ ಕಡ್ಡಿಯ ಕೆಂಡದ ಮೇಲೇ ಅಂತೆ. ನಮ್ಮಲ್ಲಿ ಅದೇ ಕಡ್ಡಿ ನೀರೊಲೆಗೆ ಹೋಗುತ್ತದೆ. ಆ ಹೊಗೆಯಲ್ಲಿ ಸಣ್ಣದಾಗಿ ಒಂದು ಸಿಹಿ ಇರುತ್ತದೆ, ಮಾಂಸಕ್ಕೆ ಬಹಳ ಚೆನ್ನಾಗಿ ಹೊಂದಿತು.

ಮೊದಲು ಕುಬಿಯೋ. ಬಣ್ಣ ನೋಡಿಯೇ ಚಿಕ್ಕಪ್ಪ, "ಇದೇನೋ, ನೀರು ಬೆರೆಸಿದಂಗೈತೆ" ಅಂದರು. ನಿಜ, ನಮ್ಮ ಬ್ಲೂ ಹಣ್ಣಿನ ರಸ ಬಟ್ಟೆಗೆ ಬಿದ್ದರೆ ಹೋಗದಷ್ಟು ಗಾಢ. ಇದು ತಿಳಿ ಇಟ್ಟಿಗೆ ಕೆಂಪು. ಹಳೆಯ ಪದ್ಧತಿಯ ರಿಯೋಹಾ ಹೀಗೇ, ವರ್ಷಗಟ್ಟಲೆ ಪೀಪಾಯಿಯಲ್ಲಿ ಇದ್ದು ಬಣ್ಣ ಇಳಿಯುತ್ತದೆ. ಲೋಟ ಕೈಗೆ ತಗೊಂಡು ಮೂಸಿದೆವು. ನನಗೆ ಹುಳಿ ಚೆರ್ರಿ, ಸ್ವಲ್ಪ ಕೊಬ್ಬರಿ ಸಿಕ್ಕಿತು. ಚಿಕ್ಕಮ್ಮ ಕುಡಿಯುವವರಲ್ಲ, ಆದರೂ ಲೋಟ ಇಸ್ಕೊಂಡು ಮೂಸಿ, "ಸಬ್ಬಸಿಗೆ ಸೊಪ್ಪಿನ ವಾಸ್ನೆ ಅಲ್ವಾ ಇದು?" ಅಂದರು. ನನಗೆ ಮೈ ಜುಮ್ಮೆಂದಿತು. ಅಮೆರಿಕದ ಓಕ್ ಮರದಲ್ಲಿ ಇಟ್ಟ ರಿಯೋಹಾ ವೈನಿನಲ್ಲಿ ಸಬ್ಬಸಿಗೆ, ಕೊಬ್ಬರಿ, ವೆನಿಲಾ ವಾಸನೆ ಬರುತ್ತದೆ ಅಂತ ವೈನ್ ಪಂಡಿತರು ಬರೆಯುತ್ತಲೇ ಬಂದಿದ್ದಾರೆ. ಅದನ್ನೇನೂ ಓದದ ಚಿಕ್ಕಮ್ಮ ಒಂದೇ ಉಸಿರಿಗೆ ಹಿಡಿದರು. ದಿನಾ ಸೊಪ್ಪು ಬಿಡಿಸುವ, ಒಗ್ಗರಣೆ ಹಾಕುವ ಮೂಗಿಗಿಂತ ದೊಡ್ಡ ಪರಿಣತಿ ಇನ್ನೇನು ಬೇಕು? ವೈನ್ ರುಚಿ ನೋಡುವುದು ದುಡ್ಡಿದ್ದವರ, ಇಂಗ್ಲಿಷ್ ಬಲ್ಲವರ ವಿದ್ಯೆ ಅಂತ ನಮ್ಮಲ್ಲಿ ಒಂದು ಅಳುಕು ಇದೆ. ಅಡುಗೆಮನೆಯಲ್ಲಿ ಬೆಳೆದ ಮೂಗು ಯಾರಿಗೂ ಕಡಿಮೆ ಇಲ್ಲ.

ಬಾಯಿಗೆ ಹಾಕಿಕೊಂಡ ಮೇಲೆ ಚಿಕ್ಕಪ್ಪನಿಗೆ ಇನ್ನೊಂದು ಆಶ್ಚರ್ಯ. "ಸಿಹಿನೇ ಇಲ್ವಲ್ಲೋ." ಅವರ ಲೆಕ್ಕದಲ್ಲಿ ವೈನ್ ಅಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಪೋರ್ಟ್ ವೈನ್. ಅದು ಬ್ಲೂ ಹಣ್ಣಿನಿಂದಲೇ ಆಗುವುದು, ಸಿಹಿ ಉಳಿಸಿ, ಮೇಲೆ ಮದ್ಯಸಾರ ಸೇರಿಸಿದ್ದು. ಇಲ್ಲಿ ಹಣ್ಣಿನ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸಿದೆ. ಉಳಿದದ್ದು ಹುಳಿ, ಒಗರು, ವಾಸನೆ. ಮೊದಲ ಗುಟುಕಿಗೆ ಇದು ಯಾರಿಗೂ ಒಗ್ಗುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ತುಂಡು ಚಾಪ್ಸ್ ತಿಂದು ಮತ್ತೆ ಕುಡಿದಾಗ ಅವರ ಮುಖ ಬದಲಾಯಿತು. ಮಾಂಸದ ಕೊಬ್ಬನ್ನು ಆ ಹುಳಿ, ಒಗರು ಕತ್ತರಿಸಿ ಬಾಯಿ ಹಗುರ ಮಾಡುತ್ತದೆ. ಮುದ್ದೆ ಊಟದಲ್ಲಿ ಕೊನೆಗೆ ಮಜ್ಜಿಗೆ ಮಾಡುವ ಕೆಲಸವನ್ನು ಇಲ್ಲಿ ತುತ್ತು ತುತ್ತಿಗೂ ವೈನ್ ಮಾಡುತ್ತದೆ.

ಬೊಸ್ಕೋನಿಯಾ 2012ರದು. ಬಾಟಲಿಯ ಭುಜ ಇಳಿಜಾರು, ಬರ್ಗಂಡಿ ಸೀಮೆಯ ಬಾಟಲಿಯ ಆಕಾರ. ಹಿಂದೆ ಇದರಲ್ಲಿ ಬರ್ಗಂಡಿಯ ಪಿನೋ ನ್ವಾರ್ ತಳಿ ಸೇರಿಸುತ್ತಿದ್ದರಂತೆ, ಆ ನೆನಪಿಗೆ ಬಾಟಲಿ ಹಾಗೇ ಉಳಿದಿದೆ. ಇದು ಕುಬಿಯೋಗಿಂತ ತುಂಬಿಕೊಂಡ ವೈನ್. ಹಣ್ಣು ಜಾಸ್ತಿ, ಒಗರೂ ಜಾಸ್ತಿ. ತಮ್ಮನಿಗೆ ಇದೇ ಎಲ್ಲಕ್ಕಿಂತ ಇಷ್ಟ. ನನಗೆ ಹಾಗನಿಸಲಿಲ್ಲ, ಚೆನ್ನಾಗಿದೆ, ಅಷ್ಟೇ. ಇನ್ನೂ ಐದಾರು ವರ್ಷ ಬಿಟ್ಟಿದ್ದರೆ ಬೇರೆ ಮಾತು ಹೇಳುತ್ತಿದ್ದೆನೋ ಏನೋ.

ತೊಂದೋನಿಯಾ ಬಗ್ಗೆ ಹೇಗೆ ಬರೆಯಲಿ! ಬಾಟಲಿಯನ್ನು ಬೆಳಗ್ಗೆಯಿಂದ ನೆಟ್ಟಗೆ ನಿಲ್ಲಿಸಿ ಗಷ್ಟು ಕೆಳಗೆ ಕೂರಲು ಬಿಟ್ಟಿದ್ದೆವು. ಮೆಲ್ಲಗೆ ಜಗ್ಗಿಗೆ ಬಗ್ಗಿಸಿದೆವು. ಅಂಚಿನಲ್ಲಿ ಕಿತ್ತಳೆ ಛಾಯೆ, ನಡುವೆ ಮಾಸಿದ ಕೆಂಪು. ಮೊದಲ ಕೆಲವು ನಿಮಿಷ ಹಳೇ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುವ ವಾಸನೆ, ಬೇರೇನೂ ಇಲ್ಲ. ಆಮೇಲೆ ಒಂದೊಂದೇ ಹೊರಬರತೊಡಗಿತು. ಒಣಗಿದ ಕಿತ್ತಳೆ ಸಿಪ್ಪೆ. ಟೀ ಸೊಪ್ಪು. ಹೊಗೆಸೊಪ್ಪು. ಚರ್ಮದ ಚೀಲ. ಎಲ್ಲೋ ಆಳದಲ್ಲಿ ಇನ್ನೂ ಸಾಯದೆ ಉಳಿದ ಹಣ್ಣು. ಬಾಯಲ್ಲಿ ಅದು ಹಗುರ, ಎಷ್ಟು ಹಗುರ ಅಂದರೆ ಇಷ್ಟು ವಯಸ್ಸಾದ ವೈನ್ ಇದು ಅಂತ ನಂಬುವುದೇ ಕಷ್ಟ, ಆದರೆ ನುಂಗಿದ ಮೇಲೆ ಹೋಗುವುದಿಲ್ಲ, ನಾಲಿಗೆಯ ಬದಿಯಲ್ಲಿ ಹುಳಿ ಚುರುಗುಟ್ಟುತ್ತಾ, ಗಂಟಲಿನ ಹಿಂದೆ ಆ ಒಣ ಸಿಪ್ಪೆಯ ವಾಸನೆ ಏಳುತ್ತಾ, ಮಾತಾಡುತ್ತಾ ಕೂತರೂ ಅದರದ್ದೇ ಗಮನ. ಒಗರು ಇದೆ, ಆದರೆ ನುಣುಪಾಗಿದೆ. ಗಂಟೆ ಕಳೆದ ಮೇಲೆ ಇನ್ನೂ ಚೆನ್ನಾಯಿತು. ನಾನು ಕುಡಿದ ಕೆಂಪು ವೈನುಗಳಲ್ಲಿ ಇದಕ್ಕಿಂತ ದಪ್ಪನೆಯವು, ಹೆಚ್ಚು ಹಣ್ಣು ಇರುವವು ಎಷ್ಟೋ ಇವೆ. ಇಷ್ಟು ಮಾತು ಇರುವುದು ಬೇರೆ ಸಿಕ್ಕಿಲ್ಲ.

ಆಗ ಚಿಕ್ಕಪ್ಪ ಒಂದು ಮಾತು ಹೇಳಿದರು. ಹೇಳುವಾಗ ಅವರಿಗೆ ಅದು ದೊಡ್ಡ ಮಾತು ಅನಿಸಿರಲಿಲ್ಲ. "ನಾನು ಹುಟ್ಟಿದಾಗಿಂದ ದ್ರಾಕ್ಷಿಲೇ ಇದೀನಿ. ನಮ್ ಹಣ್ಣು ಲೋಡ್‌ಗಟ್ಲೆ ವೈನ್ ಫ್ಯಾಕ್ಟರಿಗೆ ಹೋಗೈತೆ. ಅದ್ರಲ್ಲಿ ಆದ ವೈನ್ ಯಾವ್ದು, ಹೆಂಗಿತ್ತು ಅಂತ ಒಂದಿನಾನೂ ನಂಗೆ ಗೊತ್ತಾಗ್ಲಿಲ್ಲ ಕಣೋ."

ನಾನು ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ.

ನಮ್ಮಲ್ಲಿ ದ್ರಾಕ್ಷಿ ಬೆಳೆಯುವವನ ಕೆಲಸ ಗಾಡಿ ಹೊರಡುವ ಹೊತ್ತಿಗೆ ಮುಗಿಯುತ್ತದೆ. ಹಣ್ಣು ಆದಮೇಲೆ ಗಿಡದಲ್ಲಿ ಬಿಡುವಂತಿಲ್ಲ. ಒಂದು ಆಲಿಕಲ್ಲು ಮಳೆ ಬಿದ್ದರೆ, ಬಿಡದೆ ನಾಲ್ಕು ದಿನ ಮೋಡ ಕವಿದರೆ, ವರ್ಷದ ದುಡಿಮೆ ನೆಲಕ್ಕೆ. ಕೊಯ್ದ ಮೇಲೆ ಇಡುವಂತಿಲ್ಲ. ಅವತ್ತಿನ ರೇಟಿಗೆ ಕೊಡಲೇಬೇಕು. ಲಾಕ್‌ಡೌನ್ ಆದ 2020ರ ಬೇಸಿಗೆಯಲ್ಲಿ ಕೇಳುವವರಿಲ್ಲದೆ ಹಣ್ಣು ಚಪ್ಪರದಲ್ಲೇ ಕೊಳೆತದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಕಾಯುವುದು ಅನ್ನುವುದೇ ನಮ್ಮ ಬೇಸಾಯದಲ್ಲಿ ನಷ್ಟದ ಇನ್ನೊಂದು ಹೆಸರು. ಆರೋದಲ್ಲಿ ಆ ಮನೆಯವರಿಗೆ ಕಾಯುವುದರಿಂದಲೇ ಬೆಲೆ ಹುಟ್ಟುತ್ತದೆ.

ಅದು ಸುಲಭದ ಕಾಯುವಿಕೆ ಏನಲ್ಲ. ಒಂದು ಪೀಪಾಯಿಗೆ 225 ಲೀಟರ್, ಅಂದರೆ 300 ಬಾಟಲಿ. ಆರು ವರ್ಷ ಅದರಿಂದ ಒಂದು ಕಾಸೂ ಬರುವುದಿಲ್ಲ. ಆದರೆ ಬಡಗಿಗೆ, ತೋಟದ ಆಳುಗಳಿಗೆ, ಬಗ್ಗಿಸುವವರಿಗೆ ಸಂಬಳ ಕೊಡಬೇಕು. ಅಂಥವು ಸಾವಿರಾರು ಪೀಪಾಯಿ. ತೋಟ ಬ್ಯಾಂಕಿನಲ್ಲಿ ಅಡ ಇದ್ದರೆ, ಬೋರ್‌ವೆಲ್ಲಿಗೆ ಸಾವಿರ ಸಾವಿರದೈನೂರು ಅಡಿ ಕೊರೆಸಿ ಸಾಲ ಮಾಡಿದ್ದರೆ, ಹೀಗೆ ಕಾಯಲು ಸಾಧ್ಯವೇ ಇಲ್ಲ. ತೋಟವೂ ತಮ್ಮದು, ತೊಟ್ಟಿಯೂ ತಮ್ಮದು, ಪೀಪಾಯಿಯೂ ತಮ್ಮದು, ಮಾರುವ ಹೆಸರೂ ತಮ್ಮದು ಆದ್ದರಿಂದ ಅವರಿಗೆ ಆಗುತ್ತದೆ. ಬೆಳೆದವರೇ ಮಾಡುವವರೂ ಆಗಿದ್ದಾರೆ. ನಮಗೂ ಅವರಿಗೂ ಇರುವ ದೊಡ್ಡ ಅಂತರ ಇದೇ ಅಂತ ನನಗೆ ಅನಿಸುವುದು. ಮಣ್ಣು, ಹವೆ ಆಮೇಲಿನ ಮಾತು.

ಹಾಗಂತ ಮಣ್ಣು ಹವೆ ಸುಮ್ನೆ ತಳ್ಳಿಹಾಕುವ ವಿಷಯವಲ್ಲ. ಅಲ್ಲಿ ಚಳಿಗಾಲದಲ್ಲಿ ಗಿಡ ಪೂರಾ ನಿದ್ದೆ ಮಾಡುತ್ತದೆ, ವರ್ಷಕ್ಕೆ ಒಂದೇ ಬೆಳೆ, ಕೊಯ್ಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ನಮ್ಮಲ್ಲಿ ಗಿಡಕ್ಕೆ ನಿದ್ದೆಯೇ ಇಲ್ಲ, ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಇಳುವರಿಯಲ್ಲೂ ಅಜಗಜಾಂತರ. ರಿಯೋಹಾ ಹೆಸರು ಹಾಕಿಕೊಳ್ಳಬೇಕಾದರೆ ಕೆಂಪು ಹಣ್ಣು ಹೆಕ್ಟೇರಿಗೆ 6,500 ಕೆಜಿ ದಾಟಬಾರದು ಅಂತ ನಿಯಮ ಇದೆ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 2,600 ಕೆಜಿ. ಇದನ್ನು ಕೇಳಿ ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಎಕರೆಗೆ ಎರಡೂವರೆ ಟನ್ನಾ? ಅಷ್ಟು ತೆಗೆದ್ರೆ ಔಷಧಿ ಖರ್ಚೂ ಹುಟ್ಟಲ್ಲ!" ಅವರ ತೋಟದಲ್ಲಿ ಬರುವುದು ಇದರ ಹಲವು ಪಟ್ಟು. ಕೆಜಿ ಲೆಕ್ಕದಲ್ಲಿ ಮಾರುವವನಿಗೆ ಕೆಜಿ ಜಾಸ್ತಿ ಬರಬೇಕು, ಅದರಲ್ಲಿ ತಪ್ಪೇನಿದೆ? ಬಾಟಲಿ ಲೆಕ್ಕದಲ್ಲಿ ಮಾರುವವನಿಗೆ ಮಾತ್ರ ಕಡಿಮೆ ಬೆಳೆಯುವ ಧೈರ್ಯ ಬರುತ್ತದೆ.

ನಮ್ಮ ಕಡೆ ಪ್ರಯತ್ನಗಳು ಆಗಿಲ್ಲ ಅಂತಲ್ಲ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ತಂದು ನೆಟ್ಟು, 1990ರ ದಶಕದಲ್ಲಿ ವೈನ್ ಹೊರತಂದರು. ಬೋರ್ಡೋದ ಮಿಶೆಲ್ ರೋಲಾಂ ಅವರಿಗೆ ಸಲಹೆಗಾರರಾಗಿದ್ದರು. ಕ್ಯಾಬರ್ನೆ, ಶಿರಾಜ್ ಕೂಡಿಸಿದ ಅವರ ಲಾ ರಿಸರ್ವ್ ಇವತ್ತಿಗೂ ನಾನು ಗೌರವದಿಂದ ಕುಡಿಯುವ ವೈನ್. ನಂದಿ ಕಣಿವೆಯಲ್ಲಿ ಒಳ್ಳೆಯ ಕೆಂಪು ವೈನ್ ಆಗುತ್ತದೆ ಅಂತ ಅವರು ತೋರಿಸಿಕೊಟ್ಟರು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿ ಆಯಿತು, ಮೇಳಗಳು ನಡೆದವು. ಒಳ್ಳೆಯದೇ. ಆದರೆ ಇದರಲ್ಲೆಲ್ಲ ಬೆಂಗಳೂರು ಬ್ಲೂ ಬೆಳೆಯುವ ಎರಡು ಮೂರು ಎಕರೆಯವನು ಎಲ್ಲಿದ್ದಾನೆ ಅಂತ ಹುಡುಕಿದರೆ, ಇನ್ನೂ ಗಾಡಿ ಹತ್ತಿರವೇ ನಿಂತಿದ್ದಾನೆ.

ಬ್ಲೂ ಹಣ್ಣಿನಿಂದ ಒಳ್ಳೆಯ ವೈನ್ ಆಗುವುದಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರಲ್ಲಿ ಮೀಥೈಲ್ ಆಂಥ್ರನಿಲೇಟ್ ಅಂತ ಒಂದು ಅಂಶ ಇದೆ. ದ್ರಾಕ್ಷಿ ಫ್ಲೇವರ್ ಅಂತ ಮಿಠಾಯಿಗೆ, ಜ್ಯೂಸಿಗೆ ಹಾಕುವುದೂ ಅದನ್ನೇ. ಸೀಸನ್ನಿನಲ್ಲಿ ತೋಟದ ಪಕ್ಕ ಹೋದರೆ ದಾರಿ ತುಂಬ ಬರುವ ಆ ಘಾಟು ಪರಿಮಳ ಇದರದ್ದೇ. ಯುರೋಪಿನ ಮೂಗಿಗೆ ಅದು ಕಾಡು ವಾಸನೆ. ನಮಗೆ ಅದೇ ದ್ರಾಕ್ಷಿಯ ವಾಸನೆ. ಆಸ್ಟ್ರಿಯಾದ ಬುರ್ಗೆನ್‌ಲಾಂಡ್ ಸೀಮೆಯ ದಕ್ಷಿಣ ಭಾಗದಲ್ಲಿ ಇಂಥದ್ದೇ ಅಮೆರಿಕ ಕುಲದ ಹಣ್ಣುಗಳಿಂದ, ಇಸಾಬೆಲ್ಲಾದಿಂದಲೂ, ಉಹುಡ್ಲರ್ ಅಂತ ವೈನ್ ಮಾಡುತ್ತಾರೆ. ಬಹಳ ಕಾಲ ಅದನ್ನು ಮಾರುವುದು ಕಾನೂನಿಗೆ ವಿರುದ್ಧ ಆಗಿತ್ತು. ಊರಿನವರು ಬಿಡಲಿಲ್ಲ. 1992ರಲ್ಲಿ ಅನುಮತಿ ಸಿಕ್ಕಿತು. ಈಗ ಅದನ್ನು ತಮ್ಮ ಊರಿನ ಹೆಮ್ಮೆ ಅಂತ ಮಾರುತ್ತಾರೆ. ನಮ್ಮ ಹಣ್ಣಿಗೆ ಜಿಐ ಟ್ಯಾಗ್ ಇದೆ, ಹೆಸರಲ್ಲೇ ಊರು ಇದೆ. ಕೆಜಿಎಫ್‌ನಲ್ಲಿ, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಇದರಿಂದಲೇ ಆಗುವುದು. ಅದರಲ್ಲಿ ಕೆಲವನ್ನು ನಾನು ಕುಡಿದಿದ್ದೇನೆ. ಲವಂಗ ಚಕ್ಕೆ ಹಾಕಿ ಸಿಹಿ ಮಾಡಿದ್ದರೂ ಒಳಗೆ ಒಂದು ಗಟ್ಟಿ ಹುಳಿ ಇರುತ್ತದೆ. ಆ ಹುಳಿ ನಂಬಿಕೊಂಡು ಸಿಹಿಯಿಲ್ಲದ ವೈನ್, ತಿಳಿ ಕೆಂಪಿನದು, ತಣ್ಣಗೆ ಕುಡಿಯುವಂಥದ್ದು ಮಾಡಬಹುದು ಅಂತ ನನ್ನ ನಂಬಿಕೆ. ಅದು ತೊಂದೋನಿಯಾ ಆಗಬೇಕಿಲ್ಲ.

ಲೋಪೆಸ್ ದೆ ಎರೆದಿಯಾ ಮನೆಯವರನ್ನು ನಾನು ಮೆಚ್ಚುವುದಕ್ಕೆ ಇನ್ನೊಂದು ಕಾರಣ ಇದೆ. 1980, 90ರ ದಶಕದಲ್ಲಿ ರಿಯೋಹಾದ ಎಷ್ಟೋ ಮನೆಗಳು ರೀತಿ ಬದಲಿಸಿದವು. ಪರದೇಶದ ವಿಮರ್ಶಕರಿಗೆ ಕಡುಗಪ್ಪು, ದಪ್ಪನೆಯ, ಹೊಸ ಫ್ರೆಂಚ್ ಓಕಿನ ವೈನ್ ಬೇಕಿತ್ತು. ಅಂಕ ಅದಕ್ಕೇ ಬೀಳುತ್ತಿತ್ತು, ದುಡ್ಡೂ ಅದಕ್ಕೇ. ತಿಳಿ ಬಣ್ಣದ, ಹಳೇ ಪೀಪಾಯಿಯ, ಹುಳಿ ಮುಂದಿರುವ ಇವರ ವೈನ್ ಆಗ ಹಳಸಲು ಅನಿಸಿಕೊಂಡಿತು. ಇವರು ಒಂದು ತೊಟ್ಟಿಯನ್ನೂ ಕಿತ್ತು ಹಾಕಲಿಲ್ಲ. ಅಪ್ಪ ಮಾಡಿದ್ದು, ತಾತ ಮಾಡಿದ್ದು ಅಂತ ಬರೀ ಭಕ್ತಿಗೆ ಹಾಗೆ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ತಮ್ಮ ತೋಟದ ಹಣ್ಣು ಹೇಗೆ ವಯಸ್ಸಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು, ಯಾಕೆಂದರೆ ನೂರು ವರ್ಷದ ಬಾಟಲಿಗಳು ನೆಲಮಾಳಿಗೆಯಲ್ಲೇ ಇದ್ದವು, ಬೇಕಾದಾಗ ತೆರೆದು ನೋಡಬಹುದಿತ್ತು. ಈಗ ಅದೇ ವೈನಿಗಾಗಿ ಬೇರೆ ಬೇರೆ ದೇಶದವರು ಸರದಿಯಲ್ಲಿ ನಿಂತಿದ್ದಾರೆ.

ಚಿಕ್ಕಪ್ಪನಿಗೆ ತಮ್ಮ ಹಣ್ಣಿನ ಒಂದೇ ಒಂದು ವರ್ಷದ ರುಚಿಯೂ ಬಾಟಲಿಯಲ್ಲಿ ಉಳಿದಿಲ್ಲ. ಮಳೆ ಹೆಚ್ಚಾದ ವರ್ಷ ಹೇಗಿತ್ತು, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಕೆರೆಗೆ ಬಂದು ಬೋರ್‌ವೆಲ್ ಚೇತರಿಸಿಕೊಂಡ ಮೇಲೆ ಹಣ್ಣು ಬದಲಾಯಿತೇ, ಹಳೇ ಗಿಡದ್ದಕ್ಕೂ ಹೊಸ ಗಿಡದ್ದಕ್ಕೂ ಏನು ವ್ಯತ್ಯಾಸ, ಇದೆಲ್ಲ ಅವರ ನಾಲಿಗೆ ಮೇಲೆ ಇದೆ. ಕೇಳಿದರೆ ಗಂಟೆಗಟ್ಟಲೆ ಹೇಳುತ್ತಾರೆ. ಹಿಂದಿನ ವರ್ಷವನ್ನು ತೆಗೆದು ರುಚಿ ನೋಡುವ ಭಾಗ್ಯ ಮಾತ್ರ ಇಲ್ಲ. ಸರ್ಕಾರ ಸಣ್ಣ ಬೆಳೆಗಾರರಿಗೆ ತೋಟದಲ್ಲೇ ಸಣ್ಣ ಪ್ರಮಾಣದಲ್ಲಿ ವೈನ್ ಮಾಡಲು ಸುಲಭದ ಪರವಾನಗಿ ಕೊಟ್ಟು, ನಾಲ್ಕಾರು ಊರಿಗೆ ಸೇರಿ ಒಂದು ತಣ್ಣನೆ ಗೋದಾಮು, ತೊಟ್ಟಿ, ಒಬ್ಬ ಕಲಿತವರನ್ನು ಇಟ್ಟರೆ ಎಷ್ಟೋ ಆದೀತು. ಹಾಲಿಗೆ ನಾವು ಡೇರಿ ಕಟ್ಟಿಕೊಂಡೆವು. ಕೋಲಾರ ಚಿಕ್ಕಬಳ್ಳಾಪುರದಲ್ಲಿ ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ಡೇರಿಗೆ ಹೋಗದ ಹಳ್ಳಿ ಸಿಗುವುದು ಕಷ್ಟ. ದ್ರಾಕ್ಷಿಗೆ ಅಂಥದ್ದೊಂದು ಯಾಕೆ ಆಗಬಾರದು?

ಅವತ್ತು ಮೂರು ಬಾಟಲಿಯೂ ಮುಗಿಯಲಿಲ್ಲ. ತೊಂದೋನಿಯಾ ಸ್ವಲ್ಪ ಉಳಿಸಿ ಬಿರಡೆ ಹಾಕಿಟ್ಟು ಮರುದಿನ ಮಧ್ಯಾಹ್ನ ನೋಡಿದೆವು, ಒಂದಿಷ್ಟೂ ಕೆಟ್ಟಿರಲಿಲ್ಲ. ಯಾವುದು ಮೇಲು ಅನ್ನುವುದರಲ್ಲಿ ನಮ್ಮಲ್ಲಿ ಒಮ್ಮತ ಇಲ್ಲ. ತಮ್ಮನಿಗೆ ಬೊಸ್ಕೋನಿಯಾ, ನನಗೆ ತೊಂದೋನಿಯಾ. ಚಿಕ್ಕಪ್ಪ ಕುಬಿಯೋ ಪಕ್ಷ. ಊಟಕ್ಕೆ ಅದೇ ಸರಿ, ಉಳಿದೆರಡು ಕೂತು ಯೋಚನೆ ಮಾಡುವವರಿಗೆ ಅಂತ ಅವರ ವಾದ. ಬೆಲೆ ಕೇಳಿದ ಮೇಲಂತೂ ವಾದ ಇನ್ನೂ ಗಟ್ಟಿಯಾಯಿತು.

ಅವರಿಗೆ ತಲೆಯಲ್ಲಿ ಕೂತಿರುವ ಪ್ರಶ್ನೆ ಬೇರೆಯೇ. ಫೋಟೋದಲ್ಲಿ ತೊಂದೋನಿಯಾ ತೋಟಕ್ಕೆ ಕಲ್ಲುಕಂಬ ಇಲ್ಲ, ತಂತಿ ಇಲ್ಲ, ಚಪ್ಪರ ಇಲ್ಲ. ಗಿಡಗಳು ಮೊಣಕಾಲೆತ್ತರಕ್ಕೆ ಪೊದೆಯಾಗಿ ತಮ್ಮಷ್ಟಕ್ಕೆ ನಿಂತಿವೆ. "ಚಪ್ಪರ ಇಲ್ದೆ ದ್ರಾಕ್ಷಿ ಹೆಂಗೋ ನಿಲ್ತದೆ? ಕತ್ತರಿ ಎಲ್ಲಿ ಹಾಕ್ತಾರೆ?" ಅಂತ ಮೂರು ದಿನ ಮಗನ ತಲೆ ತಿಂದರು. ಅವನಿಗೆ ಸರಿಯಾಗಿ ಹೇಳಲು ಬರಲಿಲ್ಲ, ಅವನು ಸಾಫ್ಟ್‌ವೇರಿನವನು. ಕೊನೆಗೆ, ಅಕ್ಟೋಬರ್ ಕೊಯ್ಲಿನ ಹೊತ್ತಿಗೆ ನೀವೇ ಬಂದು ನೋಡಿ ಅಪ್ಪ ಅಂದ. ಚಿಕ್ಕಪ್ಪ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾರೆ. ಹೋಗುವಾಗ ತಮ್ಮದೇ ಪ್ರೂನಿಂಗ್ ಕತ್ತರಿ ತಗೊಂಡು ಹೋಗಬಹುದಾ ಅಂತ ನಿನ್ನೆ ಫೋನ್ ಮಾಡಿ ಕೇಳಿದರು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಿ ಅಂತ ಹೇಳಿದ್ದೇನೆ.